ಹತ್ತು ವರ್ಷದಮ್ಮನ ಹಲಗೆ

ನಮ್ಮ ದೊಡ್ಡಮ್ಮನಿಗೆ ಬೀದಿಯವರು ಇಟ್ಟ ಹೆಸರು ಹತ್ತು ವರ್ಷದಮ್ಮ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಬೆನ್ನ ಹಿಂದೆ ಯಾರೂ ಬಿಡುತ್ತಿರಲಿಲ್ಲ. ಬಟ್ಟೆ ಚೀಲ ಹೆಗಲಿಗೆ ಹಾಕಿಕೊಂಡು ಅವಳು ಬಸ್ಸಿಳಿದರೆ ಸಾಕು, ಮೂಲೆ ಅಂಗಡಿಯವನು "ಬಂದ್ರು ನೋಡಿ, ಇವತ್ತು ಯಾರ ಆಯಸ್ಸು ಅಳೀತಾರೋ" ಎಂದು ಗೊಣಗುತ್ತಿದ್ದ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಚಿಕ್ಕವಳಿದ್ದಾಗಲೇ ಒಂದು ದಿನ ಅವನ ಜೊತೆ ಜಗಳವಾಡಿ ಬಂದಿದ್ದೆ. ದೊಡ್ಡಮ್ಮ ಮಾತ್ರ, "ಅವನು ಹೇಳೋದ್ರಲ್ಲಿ ತಪ್ಪೇನಿದೆ? ನಾನು ಅಳೆಯೋದು ಅದನ್ನೇ ತಾನೇ" ಎಂದು ನಕ್ಕುಬಿಟ್ಟಳು.

ಅವಳದು ಆರೋಗ್ಯ ಇಲಾಖೆಯಲ್ಲಿ ಪ್ರಶ್ನೆ ಕೇಳುವ ಕೆಲಸ. ಹೊಸ ಔಷಧ ಬಂದಾಗಲೆಲ್ಲ ಅದನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡಬೇಕೋ ಬೇಡವೋ ಎಂದು ಒಂದು ಸಮಿತಿ ಕೂತು ತೀರ್ಮಾನ ಮಾಡುತ್ತದೆ. ತೀರ್ಮಾನಕ್ಕೆ ಮೊದಲು ಆ ಕಾಯಿಲೆ ಮನುಷ್ಯನನ್ನು ಎಷ್ಟು ಹಿಂಡುತ್ತದೆ ಎನ್ನುವುದು ಅವರಿಗೆ ಗೊತ್ತಾಗಬೇಕು. ನೋವನ್ನು ತಕ್ಕಡಿಗೆ ಹಾಕುವುದು ಹೇಗೆ? ಅದಕ್ಕೇ ದೊಡ್ಡಮ್ಮನ ಚೀಲದಲ್ಲಿ ಒಂದು ಮೊಳ ಉದ್ದದ ಮರದ ಹಲಗೆ ಇರುತ್ತಿತ್ತು. ಹಲಗೆಯ ನಡುವೆ ಒಂದು ಸೀಳು, ಅದರ ಪಕ್ಕ ಒಂದರಿಂದ ಹತ್ತರವರೆಗೆ ಗೀಟು, ಸೀಳಿನಲ್ಲಿ ಸರಿಯುವ ಒಂದು ಕೆಂಪು ಗೂಟ.

ರೋಗಿಯ ಮನೆಗೆ ಹೋಗಿ, ಎದುರಿಗೆ ಕೂತು, ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಕೇಳುತ್ತಿದ್ದಳು: "ಈ ಕಾಯಿಲೆಯ ಜೊತೆ ನೀವು ಹತ್ತು ವರ್ಷ ಬದುಕ್ತೀರಿ ಅಂತ ಇಟ್ಕೊಳ್ಳಿ. ಇಲ್ಲಾಂದ್ರೆ ಪೂರ್ತಿ ಆರೋಗ್ಯವಾಗಿರಬಹುದು, ಆದ್ರೆ ವರ್ಷ ಕಡಿಮೆ. ಎಷ್ಟಕ್ಕೆ ಇಳಿದ್ರೂ ಪರವಾಗಿಲ್ಲ ಅನ್ಸುತ್ತೋ, ಗೂಟ ಅಲ್ಲಿಗೆ ಸರಿಸಿ." ಒಬ್ಬರು ಆರಕ್ಕೆ ಸರಿಸಿದರೆ ನಾಲ್ಕು ವರ್ಷ ಬಿಟ್ಟುಕೊಟ್ಟಂತೆ. ಹೆಚ್ಚು ಬಿಟ್ಟುಕೊಟ್ಟಷ್ಟೂ ಕಾಯಿಲೆ ದೊಡ್ಡದು, ಅದನ್ನು ತಡೆಯುವ ಔಷಧಕ್ಕೆ ಸಮಿತಿಯ ಲೆಕ್ಕದಲ್ಲಿ ತೂಕ ಹೆಚ್ಚು. ಕೆಲವರು ಅಳುತ್ತಿದ್ದರು, ಕೆಲವರು ಬಾಗಿಲು ತೋರಿಸುತ್ತಿದ್ದರು. ಒಬ್ಬ ಅಜ್ಜ, "ಮೊದಲು ಆ ಹತ್ತು ವರ್ಷ ನನ್ನ ಕೈಲಿ ಇಡಮ್ಮ, ಆಮೇಲೆ ಚೌಕಾಸಿ ಮಾಡೋಣ" ಎಂದಿದ್ದನಂತೆ.

ಅವಳ ಕೆಲಸಕ್ಕೆ ಕಟ್ಟುನಿಟ್ಟು ಬಹಳ. ಕೇಳಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸಬೇಕು. ತಲೆಯಾಡಿಸಬಾರದು, ಅಯ್ಯೋ ಎನ್ನಬಾರದು, ಮುಖದ ಮೇಲೆ ಏನೂ ಮೂಡಬಾರದು. ಇಪ್ಪತ್ತಾರು ವರ್ಷ ಹೀಗೇ ಮಾಡಿ ಮಾಡಿ ಅದು ರಕ್ತಕ್ಕೇ ಇಳಿದುಹೋಗಿತ್ತು. ನಾನು ಪರೀಕ್ಷೆ ಪಾಸಾದೆ ಎಂದು ಕುಣಿದುಕೊಂಡು ಬಂದು ಹೇಳಿದರೂ ಅವಳ ಮುಖ ಐದು ಎಣಿಸುವಷ್ಟು ಹೊತ್ತು ಗೋಡೆಯೇ. ಆಮೇಲೆ ಅರಳುತ್ತಿತ್ತು. ನಿಮ್ಮಕ್ಕನಿಗೆ ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ ಅಮ್ಮ, "ಗಂಡು ಒಪ್ಪಿಗೇನಾ ಅಂತ ಕೇಳಿದ್ರು. ಇವಳು ಐದು ಎಣಿಸೋಷ್ಟರಲ್ಲಿ ಅವರು ಎದ್ದು ಹೋದ್ರು" ಎನ್ನುತ್ತಿದ್ದಳು.

ಹೊಸ ಕಾಯಿಲೆಯ ವಿವರ ಬರೆದ ಚೀಟಿ ಬಂದಾಗಲೆಲ್ಲ ದೊಡ್ಡಮ್ಮ ಮೊದಲು ಅಭ್ಯಾಸ ಮಾಡುತ್ತಿದ್ದುದು ನಮ್ಮಮ್ಮನ ಮೇಲೆ. ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಕಿಟಕಿಯ ಬಿಸಿಲು ಚಾಪೆಯ ಮೇಲೆ ನಿಧಾನವಾಗಿ ಹರಿದು ಬರುವ ಹೊತ್ತು. ಅಮ್ಮ ಅಂಗಿಗಳಿಗೆ ಗುಂಡಿಯ ಕಾಜಾ ಹಾಕುತ್ತ ಕೂತಿರುತ್ತಿದ್ದಳು. ನಮ್ಮದು ಹೊಲಿಗೆಯ ಮನೆ. ನಾನು ಪಕ್ಕದಲ್ಲಿ ಚೂರುಬಟ್ಟೆಯ ಗುಡ್ಡೆಯ ಮೇಲೆ ತಲೆಯಿಟ್ಟು ಮಲಗಿರುತ್ತಿದ್ದೆ. "ನಿಮಗೆ ಕಣ್ಣು ಕಾಣಿಸುವುದಿಲ್ಲ" ಎಂದು ದೊಡ್ಡಮ್ಮ ಓದುವಳು. ಅಮ್ಮ ಕಣ್ಣು ಮುಚ್ಚಿಕೊಳ್ಳುವಳು. "ನಿಮ್ಮ ಮಂಡಿ ಮಡಚುವುದಿಲ್ಲ." ಅಮ್ಮ ಕಾಲು ಚಾಚುವಳು. ಗೂಟ ಸರಿಯುವ ಸದ್ದು ಕೇಳುತ್ತ ನನಗೆ ನಿದ್ದೆಯೋ ಎಚ್ಚರವೋ ತಿಳಿಯುತ್ತಿರಲಿಲ್ಲ. ಜನ ಬಿಟ್ಟುಕೊಟ್ಟ ವರ್ಷಗಳೆಲ್ಲ ಎಲ್ಲಿ ಹೋಗುತ್ತವೆ ಎಂದು ಯೋಚಿಸುತ್ತಿದ್ದೆ. ದೊಡ್ಡಮ್ಮನ ಆಫೀಸಿನಲ್ಲಿ ಒಂದು ದೊಡ್ಡ ಕೋಣೆ ಇರಬೇಕು, ಅಲ್ಲಿ ವರ್ಷಗಳನ್ನು ಒಗೆದು ಮಡಿಚಿ ಒಂದರ ಮೇಲೊಂದು ಇಟ್ಟಿರಬೇಕು, ಯಾರಿಗಾದರೂ ಕಡಿಮೆ ಬಿದ್ದರೆ ಅಲ್ಲಿಂದ ತೆಗೆದು ಕೊಡುತ್ತಾರೆ ಎಂದೇ ಬಹಳ ದಿನ ನಂಬಿಕೊಂಡಿದ್ದೆ.

ಅಭ್ಯಾಸದ ಕಾಗದಕ್ಕೂ ದೊಡ್ಡಮ್ಮ ತಾರೀಕು ಹಾಕಿಸಿ ಅಮ್ಮನ ಸಹಿ ಮಾಡಿಸುತ್ತಿದ್ದಳು. "ಆಟ ಆದ್ರೂ ನಿಯಮದ ಪ್ರಕಾರಾನೇ ಆಡಬೇಕು" ಎನ್ನುವಳು. ಆ ಕಾಗದಗಳನ್ನೆಲ್ಲ ದಾರದಲ್ಲಿ ಕಟ್ಟಿ ನಮ್ಮ ಬೀರುವಿನ ಮೇಲೆ ಎಸೆಯುವಳು. ಸಂಜೆಯಾಗುತ್ತಲೇ ಅಮ್ಮ ಅವಳನ್ನು ಬಸ್‌ಸ್ಟಾಪಿಗೆ ಬಿಡಲು ಹೋಗುತ್ತಿದ್ದಳು. ಅಲ್ಲಿ ಒಂದು ಸಿಮೆಂಟು ಬೆಂಚಿತ್ತು. ಮಾತು ಮುಗಿಯದೆ ಇಬ್ಬರೂ ಅಲ್ಲೇ ಕೂತು ಎರಡು ಬಸ್ಸಾದರೂ ಬಿಟ್ಟೇ ಬಿಡುವರು.

ನನಗೆ ಮೂವತ್ತಾದ ವರ್ಷ ಅಮ್ಮನಿಗೆ ಉಸಿರು ಸಾಲದಾಯಿತು. ಶ್ವಾಸಕೋಶ ಒಳಗಿಂದೊಳಗೇ ಗಟ್ಟಿಯಾಗುತ್ತ ಹೋಗುವ ಕಾಯಿಲೆ. ಎರಡು ವರ್ಷದಲ್ಲಿ ಮನೆಗೆ ಆಮ್ಲಜನಕದ ಯಂತ್ರ ಬಂತು. ಮೂಲೆಯಲ್ಲಿ ಕೂತು ಗುಂಯ್ ಎನ್ನುತ್ತ, ಬಾಟಲಿಯ ನೀರಿನಲ್ಲಿ ಗುಳುಗುಳು ಮಾಡುತ್ತ ದಿನವಿಡೀ ಓಡುತ್ತಿತ್ತು. ಅಮ್ಮನ ಮೂಗಿನಿಂದ ಯಂತ್ರದವರೆಗಿನ ಕೊಳವೆ ಹನ್ನೊಂದು ಹೆಜ್ಜೆ ಉದ್ದ. "ಇಷ್ಟೇ ಕಣೇ ಇನ್ನು ನಮ್ಮೂರು" ಎಂದು ನಗುತ್ತಿದ್ದಳು. ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕಾಜಾ ಹಾಕುವುದನ್ನು ಮಾತ್ರ ಬಿಡಲಿಲ್ಲ. ದೊಡ್ಡಮ್ಮ ಹೊರಟಾಗ ಈಗ ಕಿಟಕಿಯಿಂದಲೇ ಕೈ ಬೀಸುವಳು. ದೊಡ್ಡಮ್ಮ ಸಿಕ್ಕಿದ ಮೊದಲ ಬಸ್ಸು ಹತ್ತಿ ಹೋಗುವಳು.

ಸರ್ಕಾರಿ ಆಸ್ಪತ್ರೆಯ ಶ್ವಾಸಕೋಶದ ಡಾಕ್ಟರು ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದರು. "ಹೊಸ ಮಾತ್ರೆ ಬಂದಿದೆ ಕಣಮ್ಮ. ಗಟ್ಟಿಯಾಗಿರೋದನ್ನ ಮೆತ್ತಗೆ ಮಾಡಲ್ಲ, ಆದ್ರೆ ಇನ್ನಷ್ಟು ಗಟ್ಟಿಯಾಗೋದನ್ನ ನಿಲ್ಲಿಸುತ್ತೆ. ಸಮಿತಿಯವರು ಪಟ್ಟಿಗೆ ಸೇರಿಸಿದ್ರೆ ನಾಳೆಯಿಂದಲೇ ಕೊಡ್ತೀನಿ. ಹೊರಗೆ ತಗೊಳ್ಳೋದು ನಿಮ್ಮ ಕೈಲಾಗೋ ಮಾತಲ್ಲ."

"ಸೇರಿಸದಿದ್ರೆ ಎಷ್ಟು ದಿನ ಸಾರ್?"

ಅವರು ಕನ್ನಡಕ ಒರೆಸಿಕೊಂಡರು. "ಒಂದು ವರ್ಷ, ಒಂದೂವರೆ ವರ್ಷ" ಎಂದರು.

ಆ ಮಾತ್ರೆಯ ಚೀಟಿ ಬಂದದ್ದು ಯಾರ ಕೈಗೆ? ದೊಡ್ಡಮ್ಮನ ಕೈಗೇ. ಈ ಕಾಯಿಲೆಯವರು ಅವಳ ಪಟ್ಟಿಯಲ್ಲಿ ಇದ್ದದ್ದೇ ಮೂವತ್ತು ಜನ, ಅದರಲ್ಲಿ ಅಮ್ಮ ಒಬ್ಬಳು. ಸ್ವಂತ ತಂಗಿಯನ್ನು ಕೇಳುವುದು ಸರಿಯಲ್ಲ ಎಂದು ದೊಡ್ಡಮ್ಮ ತನ್ನ ಆಫೀಸಿನ ಸಾಹೇಬರ ಹತ್ತಿರ ಹೋದಳು. ಅವರು, "ಮೂವತ್ತಕ್ಕೆ ಒಂದು ಕಡಿಮೆಯಾದ್ರೂ ಸಮಿತಿ ಕಡತ ಬಿಚ್ಚೋದೇ ಇಲ್ಲ. ತಂಗಿ ಅಂತ ಬರೆದೇ ಕೇಳಿ, ಮನೆಯವರೊಬ್ಬರ ಸಾಕ್ಷಿ ಸಹಿ ಹಾಕಿಸಿ" ಎಂದರಂತೆ. ಮನೆಯಲ್ಲಿ ಇದ್ದವಳು ನಾನೊಬ್ಬಳೇ. ಹಾಗಾಗಿ ಸಾಕ್ಷಿ ನಾನೇ.

ಬೆಳಿಗ್ಗೆ ಹನ್ನೊಂದಕ್ಕೆ ದೊಡ್ಡಮ್ಮ ಬಂದಳು. ಒಳಗೆ ನೇರ ಬರುವವಳು ಅವತ್ತು ಬಾಗಿಲು ತಟ್ಟಿದಳು. ಅಮ್ಮನ ಎದುರಿಗೆ ಕೂತು, "ನಿಮ್ಮ ಅನುಮತಿ ಇದೆಯಾ?" ಎಂದು ಬಹುವಚನದಲ್ಲೇ ಕೇಳಿದಳು. ಅಮ್ಮನಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ಪ್ರಶ್ನೆ ಓದಿ ಮುಗಿಸಿ ದೊಡ್ಡಮ್ಮ ಐದು ಎಣಿಸುತ್ತ ಕೂತಳು. ಅಮ್ಮ ಹಲಗೆಯನ್ನು ನೋಡಿದಳು, ಕಿಟಕಿಯಾಚೆ ನೋಡಿದಳು, ನನ್ನನ್ನು ನೋಡಿದಳು.

"ನಾನು ಮುಟ್ಟೋದೇ ಬೇಡ" ಎಂದಳು. "ಹತ್ತಕ್ಕೆ ಹತ್ತೂ ನನಗೇ ಬೇಕು. ಒಂದು ದಿನಾನೂ ಕೊಡಲ್ಲ."

ನನಗೆ ಲೆಕ್ಕ ಗೊತ್ತಿತ್ತಲ್ಲ, ಆ ಹಲಗೆಯ ಪಕ್ಕದಲ್ಲೇ ಬೆಳೆದವಳು. ಅಮ್ಮ ಏನೂ ಬಿಟ್ಟುಕೊಡಲಿಲ್ಲ ಎಂದರೆ ಕಾಗದದ ಮೇಲೆ ಅವಳಿಗೆ ಕಾಯಿಲೆಯೇ ಇಲ್ಲ. ಇಲ್ಲದ ಕಾಯಿಲೆಗೆ ಯಾರು ಮಾತ್ರೆ ಕೊಡುತ್ತಾರೆ? ದೊಡ್ಡಮ್ಮ ಪೆನ್ಸಿಲಿನಲ್ಲಿ ಹತ್ತು ಎಂದು ಬರೆದಳು. ಅಮ್ಮನ ಸಹಿ, ನನ್ನ ಸಹಿ. ದೊಡ್ಡಮ್ಮ ಕೈತೊಳೆಯಲು ಒಳಗೆ ಹೋದಳು. ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ನಾನು ಅದೇ ಪೆನ್ಸಿಲಿನ ಹಿಂದಿದ್ದ ರಬ್ಬರಿನಿಂದ ಹತ್ತನ್ನು ಉಜ್ಜಿ ನಾಲ್ಕು ಮಾಡಿಬಿಟ್ಟೆ. ಸುಳ್ಳು ಹೇಳುವುದಿಲ್ಲ, ಆ ಕ್ಷಣ ನನಗೆ ಭಯವಾಗಲಿಲ್ಲ, ಖುಷಿಯಾಯಿತು.

ಕಾಗದ ಚೀಲಕ್ಕೆ ಹಾಕಿಕೊಂಡು ಹೋದ ದೊಡ್ಡಮ್ಮ ಮುಕ್ಕಾಲು ಗಂಟೆಗೆ ವಾಪಸ್ಸು ಬಂದಳು. ಬಸ್ಸಿನಲ್ಲಿ ಕೂತು ಕಾಗದಗಳನ್ನು ಇನ್ನೊಮ್ಮೆ ನೋಡುವುದು ಅವಳ ಪದ್ಧತಿ. ನಾನು ಮರೆತೇಬಿಟ್ಟಿದ್ದೆ. ಈ ಸಲ ಬಾಗಿಲು ತಟ್ಟಲಿಲ್ಲ.

"ಯಾರ ಕೈ ಇದು?"

ನನ್ನ ಪಿತ್ತ ನೆತ್ತಿಗೇರಿತು. "ನನ್ನದೇ! ಏನೀಗ? ಜೈಲಿಗೆ ಹಾಕಿಸ್ತೀಯಾ? ನಿನ್ನ ಹಲಗೆ ದೊಡ್ಡದೋ ನಿನ್ನ ತಂಗಿ ದೊಡ್ಡವಳೋ? ಅಮ್ಮ, ನಿನಗಾದ್ರೂ ಅರ್ಥ ಆಗಲ್ವಾ? ಜಾಸ್ತಿ ಬಿಟ್ಟುಕೊಟ್ರೆ ತಾನೇ ಅವರು ಮಾತ್ರೆ ಕೊಡೋದು! ಸುಮ್ನೆ ಒಂದು ಆರು ವರ್ಷ ಕೊಡ್ತೀನಿ ಅಂದ್ರೆ ನಿನ್ನ ಗಂಟು ಹೋಗುತ್ತಾ?" ಇನ್ನೂ ಏನೇನೋ ಕೂಗಾಡಿದೆ. ಯಂತ್ರದ ಗುಂಯ್ ಸದ್ದಿನ ಮೇಲೆ ನನ್ನ ದನಿ ಬೀದಿಗೆಲ್ಲ ಕೇಳಿಸಿರಬೇಕು.

ದೊಡ್ಡಮ್ಮ ಚೀಲದಿಂದ ಹೊಸ ಕಾಗದ ತೆಗೆದಳು. ಕಾಗದ ಕೆಟ್ಟರೆ ಮೊದಲಿನಿಂದ ಕೇಳಬೇಕು, ಅದು ನಿಯಮ. ಮತ್ತೆ ಕೂತಳು. ಮತ್ತೆ ಬಹುವಚನ. ಅದೇ ಪ್ರಶ್ನೆ, ಅದೇ ದನಿ, ಅದೇ ಗೋಡೆಯಂಥ ಮುಖ. ಆದರೆ ಈಗ ಅಮ್ಮನಿಗೆ ಎಲ್ಲ ತಿಳಿದಿತ್ತು.

ಅಮ್ಮ ಗೂಟ ಹಿಡಿದಳು. ಒಂಬತ್ತಕ್ಕೆ ಸರಿಸಿದಳು. ಎಂಟು. ಏಳು. ಅಲ್ಲಿ ಅವಳ ಬೆರಳು ನಿಂತಿತು. ಬಿಸಿಲು ಅವಳ ಕೈಯ ಮೇಲೆ ಬಿದ್ದಿತ್ತು, ಉಗುರುಗಳು ನೀಲಿಯಾಗಿದ್ದವು. ಎಷ್ಟು ಹೊತ್ತು ಹಾಗೇ ಇದ್ದಳೋ, ನನಗೆ ಆ ಮಧ್ಯಾಹ್ನ ಕರಗಿ ಹಳೆಯ ಭಾನುವಾರಗಳ ಜೊತೆ ಸೇರಿಹೋದಂತಿತ್ತು.

"ಆಗಲ್ಲ ಪುಟ್ಟಿ" ಎಂದಳು ಕೊನೆಗೆ. "ನಿನಗೆ ಈಗ ಮೂವತ್ತೆರಡು. ಕೊನೇ ಮೂರು ವರ್ಷ ಅಂದ್ರೆ ನಿನಗೆ ನಲವತ್ತರ ಹತ್ತಿರ. ನಿನ್ನ ತಲೇಲಿ ಮೊದಲನೇ ಬಿಳಿ ಕೂದಲು ಬರೋದನ್ನ ನೋಡಬೇಕು ಅಂತ ನಾನು ಆಸೆ ಇಟ್ಕೊಂಡಿದೀನಿ. ಅದನ್ನ ಹೇಗೆ ಕೊಡ್ಲಿ? ಬಾಯಿಮಾತಿಗೂ ಮನಸ್ಸು ಬರಲ್ಲ ಕಣೇ." ಗೂಟವನ್ನು ವಾಪಸ್ಸು ಹತ್ತಕ್ಕೆ ತಳ್ಳಿದಳು. "ಬರ್ಕೋ ಅಕ್ಕ."

ದೊಡ್ಡಮ್ಮ ಬರೆಯಲಿಲ್ಲ. ಐದು ಮುಗಿದು ಎಷ್ಟೋ ಹೊತ್ತಾಗಿದ್ದರೂ ಎಣಿಸುತ್ತಲೇ ಇದ್ದಂತೆ ಕೂತಿದ್ದಳು. ಆಮೇಲೆ ಬರೆಯಹೋದಾಗ ಪೆನ್ಸಿಲಿನ ಮೊನೆ ಮುರಿಯಿತು. ನಾನು ಸಾಕ್ಷಿ ಸಹಿ ಹಾಕಿದೆ. ಹಾಕಿ, ಕಾಗದವನ್ನು ಅವಳ ಕಡೆ ಎಸೆದೆ.

ಮೂರು ವಾರ ದೊಡ್ಡಮ್ಮನ ಜೊತೆ ಮಾತು ಬಿಟ್ಟೆ. ನಾಲ್ಕನೆಯ ಭಾನುವಾರ ಅವಳು ಬಂದು, ಸ್ಟೂಲು ಹಾಕಿಕೊಂಡು ಬೀರುವಿನ ಮೇಲಿನ ಹಳೆಯ ಕಾಗದದ ಕಟ್ಟುಗಳನ್ನು ಇಳಿಸತೊಡಗಿದಳು. ಧೂಳೆದ್ದು ಅಮ್ಮ ಕೆಮ್ಮಿದಳು. "ಈಗ ಇದೆಲ್ಲ ಯಾಕೆ?" ಎಂದು ನಾನು ಸಿಡುಕಿದೆ. "ಹುಡುಕಬೇಕು" ಎಂದಳಷ್ಟೇ. ಮಧ್ಯಾಹ್ನವೆಲ್ಲ ಹುಡುಕಿ, ಒಂದೇ ಒಂದು ಹಳದಿ ಕಾಗದವನ್ನು ಚೀಲಕ್ಕೆ ಹಾಕಿಕೊಂಡು ಹೋದಳು.

ಸಮಿತಿಯ ಸಭೆಗೆ ಯಾರು ಬೇಕಾದರೂ ಹೋಗಿ ಹಿಂದೆ ಕೂರಬಹುದು. ನಾನು ಹೋದೆ. ಜಗಳ ಮಾಡಬೇಕೆಂದೇ ಹೋದೆ. ಉದ್ದನೆಯ ಮೇಜು, ನೀರಿನ ಲೋಟಗಳು, ಅಧ್ಯಕ್ಷರಾಗಿ ಒಬ್ಬ ವಯಸ್ಸಾದ ಡಾಕ್ಟರು. ಅವತ್ತು ಅವರ ಮುಂದೆ ಇನ್ನೂ ಎರಡು ಕಡತಗಳಿದ್ದವು. ಒಂದು, ಹುಟ್ಟುತ್ತಲೇ ಕಿವಿ ಕೇಳದ ಕೂಸುಗಳಿಗೆ ಕಿವಿಯೊಳಗೆ ಇಡುವ ಯಂತ್ರ. ಇನ್ನೊಂದು, ದೂರದ ಊರುಗಳಲ್ಲಿ ಮೂತ್ರಪಿಂಡ ಕೆಟ್ಟವರ ರಕ್ತ ಶುದ್ಧ ಮಾಡುವ ಯಂತ್ರ. ಎಲ್ಲಕ್ಕೂ ಇರುವುದು ಒಂದೇ ದುಡ್ಡಿನ ಗಂಟು. ಒಬ್ಬ ತಾಯಿ ಮಡಿಲಲ್ಲಿ ಕೂಸನ್ನು ಇಟ್ಟುಕೊಂಡು ನನ್ನ ಪಕ್ಕದಲ್ಲೇ ಕೂತಿದ್ದಳು. ನಾನು ಚಪ್ಪಾಳೆ ತಟ್ಟಿದರೂ ಆ ಕೂಸು ತಿರುಗಲಿಲ್ಲ. ನನ್ನ ಜಗಳದ ಮಾತುಗಳೆಲ್ಲ ಅಲ್ಲೇ ಒಣಗಿದವು.

ಅಮ್ಮನ ಮಾತ್ರೆಯ ಸರದಿ ಬಂತು. ಲೆಕ್ಕದ ಮೇಡಂ ಎದ್ದು ನಿಂತರು. "ಮೂವತ್ತು ಜನರಲ್ಲಿ ಹತ್ತೊಂಬತ್ತು ಜನ ಗೂಟ ಮುಟ್ಟೇ ಇಲ್ಲ. ಸರಾಸರಿ ಒಂಬತ್ತೂಕಾಲು ವರ್ಷ ಇಟ್ಕೊಂಡಿದಾರೆ. ಅಂದ್ರೆ ಈ ಕಾಯಿಲೆ ಅವರಿಂದ ಕಿತ್ಕೊಂಡಿರೋದು ಬಹಳ ಕಡಿಮೆ. ಮಾತ್ರೆಯಿಂದ ಸಿಗೋದೂ ಅಷ್ಟರಲ್ಲೇ. ಇಷ್ಟು ದುಬಾರಿ ಮಾತ್ರೆಗೆ ಇದು ಸಾಲದು."

ಅಧ್ಯಕ್ಷರು ಕಡತ ಮುಚ್ಚುತ್ತ, ರೂಢಿಯಂತೆ, "ಕೇಳಿ ಬಂದವರು ಏನಾದ್ರೂ ಹೇಳೋದಿದ್ಯಾ?" ಎಂದರು. ಇಪ್ಪತ್ತಾರು ವರ್ಷ ಈ ಮಾತಿಗೆ ದೊಡ್ಡಮ್ಮ ಹೇಳಿದ್ದು ಒಂದೇ ಉತ್ತರ: ಏನಿಲ್ಲ ಸಾರ್. ನಾನು ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು, ಐದು. ದೊಡ್ಡಮ್ಮ ಎದ್ದಳು.

"ಇದೆ ಸಾರ್. ನನ್ನ ತಂಗಿ ಈ ಮೂವತ್ತರಲ್ಲಿ ಒಬ್ಬಳು, ಫಾರಮ್ಮಿನಲ್ಲಿ ಬರೆದಿದೀನಿ. ಅವಳು ಹತ್ತೂ ಇಟ್ಕೊಂಡ್ಲು. ಇದು ಅವಳದೇ ಇನ್ನೊಂದು ಕಾಗದ. ಹನ್ನೆರಡು ವರ್ಷದ ಹಿಂದಿನದು. ಆಗ ಅವಳು ಗಟ್ಟಿಮುಟ್ಟಾಗಿದ್ಲು. ಅಭ್ಯಾಸಕ್ಕೆ ಅಂತ ಇದೇ ಕಾಯಿಲೆ ಓದಿ ಹೇಳಿದ್ದೆ. ನಾಲ್ಕು ಹೆಜ್ಜೆಗೆ ಉಸಿರು ಹೋಗುತ್ತೆ, ಸ್ನಾನಕ್ಕೂ ಇನ್ನೊಬ್ಬರು ಬೇಕು ಅಂತ. ಮೂರು ವರ್ಷ ಚೆನ್ನಾಗಿದ್ರೆ ಸಾಕು, ಏಳು ನೀವೇ ಇಟ್ಕೊಳ್ಳಿ ಅಂದಿದ್ಲು. ತಾರೀಕಿದೆ, ಸಹಿ ಇದೆ."

ಕಾಗದ ಕೈಯಿಂದ ಕೈಗೆ ಹೋಯಿತು. "ಎರಡರಲ್ಲಿ ಯಾವುದು ನಿಜ?" ಎಂದು ಅಧ್ಯಕ್ಷರು ಕೇಳಿದರು.

"ಎರಡೂ ಅವಳದೇ ಸಾರ್. ಉಸಿರು ಇದ್ದಾಗ ಅದು ಹೋದ್ರೆ ಏನಾಗುತ್ತೆ ಅಂತ ಅವಳಿಗೆ ಗೊತ್ತಿತ್ತು. ಹೋದ ಮೇಲೆ ಉಳಿದ ಚೂರನ್ನ ಬಿಡೋಕೆ ಮನಸ್ಸು ಬರ್ತಿಲ್ಲ. ನಾವು ಅದನ್ನೇ ಹಿಡ್ಕೊಂಡು, ಇವಳಿಗೇನೂ ಕಷ್ಟ ಇಲ್ಲ ಅಂತ ಬರ್ಕೊಳ್ತಾ ಇದೀವಿ. ಇಷ್ಟು ವರ್ಷ ಎಷ್ಟು ಮನೇಲಿ ಹೀಗೇ ಬರ್ಕೊಂಡು ಬಂದೆನೋ..." ಅಷ್ಟು ಹೇಳಿ ಅವಳು ಕೂತಳು. ನಾನು ಹಿಂದಿನ ಸಾಲಿನಲ್ಲಿ ಅತ್ತುಬಿಟ್ಟೆ. ಮೂರು ವಾರ ಮಾತು ಬಿಟ್ಟಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಲೆಕ್ಕದ ಮೇಡಂ ಕೆಟ್ಟವರಲ್ಲ. ಒಂದು ಕಾಗದದಿಂದ ಸರಾಸರಿ ಬದಲಾಗುವುದಿಲ್ಲ ಎಂದೇ ಹೇಳಿದರು, ಆದರೆ ನೂರು ಜನ ಆರೋಗ್ಯವಂತರನ್ನೂ ಇದೇ ಪ್ರಶ್ನೆ ಕೇಳಿ ನೋಡೋಣ ಎಂದರು. ಹಾಗೆ ಕಡತ ಮುಚ್ಚಲಿಲ್ಲ. ದೊಡ್ಡಮ್ಮ ಮತ್ತೆ ಮನೆ ಮನೆ ಅಲೆದಳು. ಮೂಲೆ ಅಂಗಡಿಯವನೂ ಆ ನೂರರಲ್ಲಿ ಸೇರಿದ್ದ. ಚೀಟಿ ಓದಿಸಿಕೊಂಡು ಅವನು ಗೂಟವನ್ನು ನೇರ ಎರಡಕ್ಕೆ ಎಳೆದನಂತೆ. "ಇಂಥ ಬಾಳು ಯಾರಿಗೆ ಬೇಕಮ್ಮ" ಎಂದವನು, ಆಮೇಲೆ ನಮ್ಮ ಕಿಟಕಿಯ ಕಡೆ ನೋಡಿ ತಲೆ ತಗ್ಗಿಸಿದನಂತೆ.

ಅದಕ್ಕೆಲ್ಲ ಐದು ತಿಂಗಳು ಹಿಡಿಯಿತು. ಆ ಐದು ತಿಂಗಳಲ್ಲಿ ಅಮ್ಮನ ಹನ್ನೊಂದು ಹೆಜ್ಜೆಯ ಊರು ಆರಕ್ಕೆ ಇಳಿಯಿತು, ನಾಲ್ಕಕ್ಕೆ ಇಳಿಯಿತು. ಕಾಜಾ ಹಾಕುವ ಸೂಜಿ ಅವಳ ಕೈಯಲ್ಲಿ ಹಾಗೇ ನಿಂತು, ಅವಳು ಕಿಟಕಿಯ ಬೆಳಕಿನಲ್ಲಿ ತೇಲಿಹೋದಂತೆ ಕೂತಿರುತ್ತಿದ್ದಳು. ಹೊಲಿಗೆಯಿಂದ ತಲೆಯೆತ್ತಿದಾಗಲೆಲ್ಲ ನಾನು ಮೊದಲು ನೋಡುತ್ತಿದ್ದುದು ಬಾಟಲಿಯ ಗುಳ್ಳೆಗಳನ್ನು, ಆಮೇಲೆ ಅವಳ ಎದೆಯನ್ನು. ನೂರು ಜನರ ಸರಾಸರಿ ನಾಲ್ಕು ಬಂತು. ಎರಡು ಲೆಕ್ಕವನ್ನೂ ಎದುರಿಗೆ ಇಟ್ಟುಕೊಂಡು ಸಮಿತಿ ಆ ಮಾತ್ರೆಯನ್ನು ಎರಡು ವರ್ಷದ ಮಟ್ಟಿಗೆ ಪಟ್ಟಿಗೆ ಸೇರಿಸಿತು, ಆಮೇಲೆ ಮತ್ತೆ ನೋಡುವುದು ಎಂದು. ಕಿವಿಯ ಯಂತ್ರವೂ ಸೇರಿತು. ರಕ್ತದ ಯಂತ್ರ ಮುಂದಿನ ವರ್ಷಕ್ಕೆ ಹೋಯಿತು. ಅದು ಯಾರ ಮನೆಯ ಗೋಳೋ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.

ಮಾತ್ರೆ ಬಂದ ಮೇಲೆ ಪವಾಡವೇನೂ ಆಗಲಿಲ್ಲ. ಇಳಿಯುವುದು ನಿಂತಿತು, ಅಷ್ಟೇ. ನಿಂತ ಮೇಲೆ ಆಸ್ಪತ್ರೆಯವರು ಉಸಿರಾಟದ ವ್ಯಾಯಾಮ ಕಲಿಸಿದರು, ಹೆಗಲಿಗೆ ಹಾಕಿಕೊಳ್ಳುವ ಸಣ್ಣ ಸಿಲಿಂಡರು ಕೊಟ್ಟರು. ನಾಲ್ಕು ಹೆಜ್ಜೆ ಮತ್ತೆ ಹನ್ನೊಂದಾಯಿತು, ಆಮೇಲೆ ಗೇಟು, ಆಮೇಲೆ ಮೂಲೆ ಅಂಗಡಿ.

ದೊಡ್ಡಮ್ಮ ನಿವೃತ್ತಿಯಾದ ದಿನ ಆಫೀಸಿನವರು ಆ ಹಲಗೆಯನ್ನು ಅವಳಿಗೇ ಕೊಟ್ಟು ಕಳಿಸಿದರು. ಅವಳು ಅದನ್ನು ನಮ್ಮ ಮನೆಗೇ ತಂದಳು. ಸಂಜೆ ಅವಳು ಹೊರಟಾಗ ಅಮ್ಮ ಕಿಟಕಿಗೆ ಹೋಗಲಿಲ್ಲ. "ಇರೇ, ಬಸ್‌ಸ್ಟಾಪಿಗೆ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿದಳು. ನಾವು ಮೂವರೂ ಹೊರಟೆವು. ದಾರಿಯಲ್ಲಿ ಐದು ಕಡೆ ನಿಂತೆವು. ಅಂಗಡಿಯವನು ಹೊರಗೆ ಬಂದು ಸ್ಟೂಲು ಹಾಕಿದ. ಕಡೆಗೆ ಸಿಮೆಂಟು ಬೆಂಚಿನ ಮೇಲೆ ಅಕ್ಕತಂಗಿಯರು ಪಕ್ಕಪಕ್ಕ ಕೂತರು, ಸಿಲಿಂಡರು ನಡುವೆ. ಬಸ್ಸು ಬಂತು, ನಿಂತಿತು, ಹೋಯಿತು. ದೊಡ್ಡಮ್ಮ ಏಳಲಿಲ್ಲ.

"ಈಗ ಕೇಳಿದ್ರೆ ಎಷ್ಟು ಬಿಟ್ಟುಕೊಡ್ತೀಯೇ?" ಎಂದು ಕೇಳಿದಳು. ಹಲಗೆಯಿಲ್ಲ, ಪೆನ್ಸಿಲಿಲ್ಲ, ಬಹುವಚನವಿಲ್ಲ. ಐದು ಎಣಿಸುವ ಮೊದಲೇ ಅವಳ ಮುಖ ಕರಗಿ ಕಣ್ಣೀರಾಗಿ ಹೋಗಿತ್ತು.

"ಬಸ್ಸು ಬಿಡ್ತೀನಿ ಬೇಕಾದ್ರೆ, ಎಷ್ಟಾದ್ರೂ" ಎಂದಳು ಅಮ್ಮ. ಆಮೇಲೆ ನನ್ನನ್ನು ಹತ್ತಿರ ಕರೆದು, ಕೂರಿಸಿಕೊಂಡು, ಸಂಜೆಯ ಬೆಳಕಿಗೆ ನನ್ನ ತಲೆ ತಿರುಗಿಸಿದಳು. ಅವಳ ಬೆರಳು ಕೂದಲಿನಲ್ಲಿ ಒಂದು ಕಡೆ ನಿಂತಿತು. "ಅಕ್ಕ, ನೋಡೇ ಇಲ್ಲಿ! ಬಂದೇಬಿಟ್ಟಿದೆ!"

ನಾನು ನಾಚಿಕೆಯಿಂದ ಅದನ್ನು ಕೀಳಲು ಕೈಯೆತ್ತಿದೆ.

"ಮುಟ್ಟೀಯಾ ಜೋಕೆ" ಎಂದಳು ಅಮ್ಮ. "ಅದು ನಂದು."